ರಕ್ಷಣೆಗೆ ಒಳಗಾದವರು ಎಲ್ಲಿದ್ದಾರೆ? ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ಬಾಗಲಕೋಟೆ ಜಿಲ್ಲೆಯಲ್ಲಿ ವಕೀಲಿ ವೃತ್ತಿ ಮಾಡುವ ನಾನು, ಲೈಂಗಿಕ ವೃತ್ತಿಯಿಂದ ‘ರಕ್ಷಿಸಿದ’ ಮಹಿಳೆಯರನ್ನು ಇರಿಸುವ, ತಮ್ಮ ಇಲಾಖೆಯ ಅಧೀನದಲ್ಲಿರುವ ರಕ್ಷಣಾ ಗೃಹಗಳ ಕುರಿತು ಈ ಪತ್ರ ಬರೆಯುತ್ತಿದ್ದೇನೆ.

ಲಾಡ್ಜಿನ ಮೇಲೆ ದಾಳಿಯಾದ ಮರುದಿನ ಪತ್ರಿಕೆಯಲ್ಲಿ ‘ಮಹಿಳೆಯರ ರಕ್ಷಣೆ’ ಎಂಬ ಸುದ್ದಿ ಬರುತ್ತದೆ; ಫೋಟೊದಲ್ಲಿ ಅವರು ಸೆರಗಿನಿಂದ ಮುಖ ಮುಚ್ಚಿಕೊಂಡು ಸಾಲಾಗಿ ನೆಲದ ಮೇಲೆ ಕುಳಿತಿರುತ್ತಾರೆ. ಮುಂದೆ ಅವರಿಗೇನಾಯಿತು ಎಂಬುದು ಸುದ್ದಿಯಾಗುವುದಿಲ್ಲ. 1956ರ ಅನೈತಿಕ ವ್ಯವಹಾರ (ತಡೆ) ಕಾಯ್ದೆಯ 17ನೇ ಕಲಮಿನಂತೆ ಮ್ಯಾಜಿಸ್ಟ್ರೇಟರು ಅವರ ವಯಸ್ಸು, ನಡತೆ, ಮನೆಯ ಪರಿಸರಗಳ ವಿಚಾರಣೆ ನಡೆಸಿ, ಒಂದರಿಂದ ಮೂರು ವರ್ಷಗಳವರೆಗೆ ರಕ್ಷಣಾ ಗೃಹದಲ್ಲಿ ಇರಿಸಲು ಆದೇಶಿಸಬಹುದು. ಸಂತ್ರಸ್ತೆ ಎಂದು ಪೊಲೀಸರೇ ಬರೆದುಕೊಂಡವಳಿಗೆ ಇದು ಶಿಕ್ಷೆಯಲ್ಲದೆ ಮತ್ತೇನು?

ಭಾರತವು 1950ರಲ್ಲಿ ಸಹಿ ಹಾಕಿದ, ಮಾನವ ಸಾಗಾಣಿಕೆ ತಡೆಯುವ ಅಂತರರಾಷ್ಟ್ರೀಯ ಒಪ್ಪಂದದ ಫಲವಾಗಿ ಈ ಕಾಯ್ದೆ ಬಂತು. ಹಾಗಾಗಿ ಸ್ವಂತ ಇಚ್ಛೆಯಿಂದ ನಡೆಯುವ ಲೈಂಗಿಕ ವೃತ್ತಿಯನ್ನೂ ನಮ್ಮಲ್ಲಿ ನಿಯಂತ್ರಿಸುತ್ತಿರುವುದು ಸಾಗಾಣಿಕೆಯ ಕಾನೂನೇ. ವೃತ್ತಿ ಅಪರಾಧವಲ್ಲ, ಆದರೆ ಅದರ ಸುತ್ತಲಿನ ಬದುಕೆಲ್ಲ ಅಪರಾಧ. ಗುಡಿ, ಶಾಲೆ, ಆಸ್ಪತ್ರೆಗಳಿಂದ 200 ಮೀಟರಿನೊಳಗೆ ನಡೆಸಿದರೆ ಶಿಕ್ಷೆ ಎನ್ನುತ್ತದೆ 7ನೇ ಕಲಮು. ನಮ್ಮ ಮುಧೋಳ, ಜಮಖಂಡಿ ಪೇಟೆಗಳಲ್ಲಿ ಗುಡಿಯಿಂದ ಅಷ್ಟು ದೂರವಿರುವ ಮನೆ ಸಿಗುವುದೇ ಅಪರೂಪ. 4ನೇ ಕಲಮಂತೂ ಇನ್ನೂ ಕಠಿಣ: ಅವಳ ದುಡಿಮೆಯಲ್ಲಿ ಗೊತ್ತಿದ್ದೂ ಉಣ್ಣುವ, 18 ತುಂಬಿದ ಯಾರೇ ಆಗಲಿ ತಪ್ಪಿತಸ್ಥರು. ಡಿಗ್ರಿ ಓದುವ ಮಗ, ಹಾಸಿಗೆ ಹಿಡಿದ ತಾಯಿ ಕೂಡ ಈ ಮಾತಿನಿಂದ ಹೊರಗುಳಿಯುವುದಿಲ್ಲ.

ಸಾಗಾಣಿಕೆ ಇಲ್ಲವೆಂದು ನಾನು ಹೇಳುತ್ತಿಲ್ಲ. ದೇವದಾಸಿ ಸಮರ್ಪಣೆಯನ್ನು 1982ರಲ್ಲೇ ಕಾಯ್ದೆ ಮಾಡಿ ನಿಷೇಧಿಸಿದ್ದರೂ, ನಮ್ಮ ಸೀಮೆಯ ಹೆಣ್ಣುಮಕ್ಕಳು ಸಾಂಗ್ಲಿ, ಪುಣೆ, ಮುಂಬೈಗಳಲ್ಲಿ ಈ ವೃತ್ತಿ ನಡೆಯುವ ಓಣಿಗಳನ್ನು ಸೇರಿದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಅಪ್ರಾಪ್ತೆಯ ವಿಷಯದಲ್ಲಿ ಒಪ್ಪಿಗೆಯ ಮಾತೇ ಬರುವುದಿಲ್ಲ. ಆದರೆ ಓಣಿಗೆ ಹೊಸ ಹುಡುಗಿಯನ್ನು ಕರೆತಂದರೆ ಮೊದಲು ತಿಳಿಯುವುದು ಅಲ್ಲಿಯೇ ಇರುವ ಮಹಿಳೆಯರಿಗೆ, ಮತ್ತು ಠಾಣೆಗೆ ಹೇಳಿದರೆ ದಾಳಿ ತಮ್ಮ ಮೇಲೆಯೇ ಆಗುತ್ತದೆಂದು ಬಾಯಿ ಮುಚ್ಚಿಕೊಳ್ಳುವವರೂ ಅವರೇ. ಹೀಗೆ ಸಾಗಾಣಿಕೆ ತಡೆಯಬೇಕಾದ ಕಾನೂನು, ಅದರ ಸುಳಿವು ಕೊಡಬಲ್ಲವರನ್ನೇ ದೂರ ಮಾಡಿಕೊಂಡಿದೆ.

ಕೇಂದ್ರದ ಕಾಯ್ದೆಯನ್ನು ತಿದ್ದುವುದು ತಮ್ಮ ಕೈಯಲ್ಲಿಲ್ಲ, ನಿಜ. ಆದರೆ ಇಚ್ಛೆಗೆ ವಿರುದ್ಧವಾಗಿ ರಕ್ಷಣಾ ಗೃಹಗಳಲ್ಲಿರುವ ವಯಸ್ಕ ಮಹಿಳೆಯರ ಪ್ರಕರಣಗಳನ್ನು ಸಮೀಕ್ಷೆ ಮಾಡಿ, ಕಾಲಮಿತಿಯೊಳಗೆ ಬಿಡುಗಡೆಗೆ ಕ್ರಮ ಕೈಗೊಳ್ಳಬೇಕೆಂದು ಸುಪ್ರೀಂ ಕೋರ್ಟ್ 2022ರ ಮೇ 19ರಂದು ರಾಜ್ಯ ಸರ್ಕಾರಗಳಿಗೇ ನಿರ್ದೇಶನ ನೀಡಿದೆ. ಬಾಂಬೆ ಹೈಕೋರ್ಟು 2020ರಲ್ಲೇ ಮೂವರು ವಯಸ್ಕ ಯುವತಿಯರನ್ನು ಅಂಥ ಗೃಹದಿಂದ ಬಿಡುಗಡೆ ಮಾಡಿ, ಎಲ್ಲಿ ವಾಸಿಸಬೇಕೆಂಬುದು ಅವರ ಹಕ್ಕು ಎಂದಿತ್ತು.

ಆದ್ದರಿಂದ ನಮ್ಮ ರಾಜ್ಯದ ಗೃಹಗಳಲ್ಲಿ ಇಂದು ಎಷ್ಟು ಮಂದಿ ವಯಸ್ಕ ಮಹಿಳೆಯರಿದ್ದಾರೆ, ಅವರಲ್ಲಿ ಎಷ್ಟು ಮಂದಿ ಹೊರಹೋಗಲು ಕೇಳಿದ್ದಾರೆ, ಎಷ್ಟು ದಿನದಿಂದ ಕಾಯುತ್ತಿದ್ದಾರೆ ಎಂಬ ವಿವರವನ್ನು ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ನಡೆಯುವ ಚಳಿಗಾಲದ ಅಧಿವೇಶನದಲ್ಲಿ ಸದನದ ಮುಂದಿಡಬೇಕೆಂದು ವಿನಂತಿಸುತ್ತೇನೆ. ಗೃಹಗಳ ಪರಿಶೀಲನೆಗೆ ಹೋಗುವ ತಂಡದಲ್ಲಿ ಲೈಂಗಿಕ ವೃತ್ತಿಯಲ್ಲಿರುವ ಮಹಿಳೆಯರ ಸಂಘದ ಒಬ್ಬ ಪ್ರತಿನಿಧಿಯೂ ಇರಲಿ. ಅಧಿಕಾರಿಗಳ ಎದುರು ತುಟಿ ಬಿಚ್ಚದವರು ಅವರೊಡನೆ ಮಾತಾಡುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ಬಾಗಲಕೋಟೆಯ ಒಬ್ಬ ವಕೀಲೆ