ಢೋಲಕ್ಕು ಸರಿಮಾಡಿಕೊಟ್ಟ ಕುಮಟಾದ ಅಜ್ಜನಿಗೆ

ನಾನು ಮಕ್ಕಳಿಗೆ ಮ್ಯೂಸಿಕ್ ಥೆರಪಿ, ಅಂದರೆ ಹಾಡು-ತಾಳದ ಮೂಲಕ ಚಿಕಿತ್ಸೆ ಮಾಡುವವಳು. ಸಂಗೀತದ ಕ್ಲಾಸು ಅಂದುಕೊಳ್ಳುವವರೇ ಜಾಸ್ತಿ, ಹಾಗಾಗಿ ಕೆಲಸ ಸಿಗುವುದೂ ನಿಧಾನ. ಸಿಕ್ಕಿದ್ದನ್ನು ಬಿಡುವ ಹಾಗಿಲ್ಲ ಅಲ್ವಾ?

ಮೊನ್ನೆ ಅಂಥದೇ ಕೆಲಸಕ್ಕೆ ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾ ಸೇರುವಷ್ಟರಲ್ಲಿ, ಮಳೆಯ ಥಂಡಿಗೆ ಢೋಲಕ್ಕಿನ ಚರ್ಮ ಸಡಿಲಾಗಿತ್ತು. ತಟ್ಟಿದರೆ ಬೊದ್ ಅನ್ನುತ್ತಿತ್ತು. ಆಟಿಸಂ ಇರುವ ಮಕ್ಕಳ ಜೊತೆ ಪ್ರತಿ ಸಲ ಒಂದೇ ಹಾಡು, ಒಂದೇ ತಾಳದಿಂದ ಶುರು ಮಾಡುತ್ತೇನೆ. ಮುಂದೇನು ಅಂತ ಗೊತ್ತಿದ್ದರೆ ಅವರಿಗೆ ಗಾಬರಿ ಕಡಿಮೆ. ದನಿ ಬದಲಾದರೆ ಕೆಲವರು ಕಿವಿ ಮುಚ್ಚಿ ಮೂಲೆ ಸೇರುತ್ತಾರೆ.

ಮದ್ದಳೆ ಸರಿಮಾಡುವ ಅಜ್ಜನ ಅಂಗಡಿಯನ್ನು ಯಾರೋ ತೋರಿಸಿದರು. "ಕೊಡು ತಂಗಿ" ಅಂದರು, ಅಷ್ಟೇ. ಊಟದ ಡಬ್ಬಿ ಪಕ್ಕಕ್ಕಿಟ್ಟರು. ಗೆರಟೆ ಕೆಂಡದ ಮೇಲೆ ಮೊದಲು ತಮ್ಮ ಅಂಗೈ ಹಿಡಿದು ಶಾಖ ನೋಡಿದರು. ಆಮೇಲೆ ಢೋಲಕ್ಕನ್ನು ದೂರದಲ್ಲೇ ಹಿಡಿದು ಸುತ್ತ ತಿರುಗಿಸಿದರು. ಸವೆದ ಹಗ್ಗ ತೆಗೆದು ಹೊಸದು ಹಾಕಿದರು. ಹಗ್ಗ ಬಿಗಿಮಾಡುವ ಬಳೆ ಒಂದೊಂದಾಗಿ ಜಗ್ಗಿ, ಬೆರಳ ತುದಿಯಲ್ಲಿ ತಟ್ಟಿ ಕೇಳಿದರು. "ಸಣ್ಣ ಮಕ್ಕಳಿಗಾ? ಹಾಗಾದ್ರೆ ಏರಿಸೋದು ಬೇಡ" ಅಂತ ಶ್ರುತಿ ಒಂಚೂರು ಇಳಿಸಿದರು. ಹೊರಡುವಾಗ ಪ್ಲಾಸ್ಟಿಕ್ ಸುತ್ತಿ ಸುತಳಿ ಕಟ್ಟಿಕೊಟ್ಟರು.

ಥೆರಪಿಗೆ ಬಂದರೂ ಬಾಗಿಲ ಹತ್ತಿರವೇ ಕೂರುವ ಹುಡುಗ ಅವತ್ತು ಒಳಗೆ ಬಂದು, ನಾನು ಎರಡು ಪೆಟ್ಟು ಹಾಕಿದ ಮೇಲೆ ತಾನೂ ಎರಡು ಹಾಕಿದ. ನನಗೆ ಹೋದ ಜೀವ ಬಂದಂತಾಯಿತು.

ಅಜ್ಜಾ, ಹಗ್ಗದ ದುಡ್ಡು ಮಾತ್ರ ತಗೊಂಡಿರಿ. ತುಂಬಾ ಥ್ಯಾಂಕ್ಸ್. ಮನೆಯಲ್ಲಿ ಒಂದು ಖಂಜಿರವೂ ಸಡಿಲಾಗಿ ಕೂತಿದೆ, ಅದನ್ನೂ ನಿಮ್ಮ ಹತ್ತಿರವೇ ತರುತ್ತೇನೆ.