ಭಾನುವಾರದ ಕರೆ: ಕೆಲಸದಲ್ಲಿರುವವರು ಗಮನಿಸಿ

ಎಲ್ಲರಿಗೂ ನಮಸ್ಕಾರ. ಬ್ರಿಟನ್ನಿನಲ್ಲಿ ಅಂಗವಿಕಲರ ಭತ್ಯೆ ಕಡಿತದ ಸುದ್ದಿ ಓದಿ, ‘ದುಡಿಯುವ ನಮಗೇನು?’ ಎಂದು ಕೆಲವರು ಕೇಳಿದ್ದೀರಿ. ನಮಗೂ ಸಂಬಂಧವಿದೆ. ಪಿಐಪಿ (ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್) ನಿರುದ್ಯೋಗ ಭತ್ಯೆಯಲ್ಲ; ಸಂಬಳ ಎಷ್ಟೇ ಇರಲಿ, ಅಂಗವೈಕಲ್ಯ ತರುವ ಹೆಚ್ಚುವರಿ ಖರ್ಚಿಗೆ ಸಿಗುವ ಹಣ. ಅದರ ದೈನಂದಿನ ಜೀವನದ ಭಾಗ ಸಿಗಲು ಅಡುಗೆ, ಉಡುಪು ಧರಿಸುವಂಥ ಒಂದೇ ಚಟುವಟಿಕೆಯಲ್ಲಿ ಕನಿಷ್ಠ 4 ಅಂಕ ಬೇಕೆಂಬ ಪ್ರಸ್ತಾವವನ್ನು 2025ರ ಜುಲೈನಲ್ಲಿ ಮಸೂದೆಯಿಂದ ಕೈಬಿಟ್ಟು, ವಿಷಯವನ್ನು ಸಚಿವ ಸ್ಟೀಫನ್ ಟಿಮ್ಸ್ ನೇತೃತ್ವದ ಪಿಐಪಿ ಪರಿಶೀಲನೆಗೆ ಬಿಟ್ಟರು. ವದಂತಿ ನಂಬಿ ಅರ್ಜಿ ಹಿಂಪಡೆಯಬೇಡಿ. ಕಡಿಮೆ ಆದಾಯದವರಿಗೆ ಸಿಗುವ ಯೂನಿವರ್ಸಲ್ ಕ್ರೆಡಿಟ್ ಭತ್ಯೆಯ ಆರೋಗ್ಯ ಭಾಗ (ಅನಾರೋಗ್ಯದಿಂದ ದುಡಿಯಲು ಕಷ್ಟವಾದವರಿಗೆ ಕೊಡುವ ಹೆಚ್ಚುವರಿ ಹಣ) ಮಾತ್ರ 2026ರ ಏಪ್ರಿಲ್‌ನಿಂದ ಬಹುತೇಕ ಹೊಸಬರಿಗೆ ಕಡಿಮೆಯಾಗಿದೆ.

ನಿಮ್ಮ ಪಿಐಪಿಯ ಮರುಪರಿಶೀಲನೆಯ ಪತ್ರ ಬಂದವರು ‘ಹೇಗೋ ನಿಭಾಯಿಸುತ್ತೇನೆ’ ಎಂದು ಬರೆಯಬೇಡಿ. ಅದು ನಮ್ಮೆಲ್ಲರ ಚಟ! ಅಂಗಿಯ ಗುಂಡಿ ಹಾಕಲು ಇಪ್ಪತ್ತು ನಿಮಿಷ ಬೇಕಾದರೆ ಇಪ್ಪತ್ತು ಎಂದೇ ಬರೆಯಿರಿ. ಕೆಲಸ ಮುಗಿಸಿ ಬಂದ ಮೇಲೆ ಅಡುಗೆಗೆ ಕೈ ಏಳದಿದ್ದರೆ ಅದನ್ನೂ ಸೇರಿಸಿ.

ಆಕ್ಸೆಸ್ ಟು ವರ್ಕ್ (ಅಂಗವಿಕಲ ಉದ್ಯೋಗಿಗಳಿಗೆ ಟ್ಯಾಕ್ಸಿಯಂಥ ಕೆಲಸದ ಹೆಚ್ಚುವರಿ ಖರ್ಚಿಗೆ ಸಿಗುವ ಸರ್ಕಾರಿ ನೆರವು) ಅವಧಿ ಮುಗಿಯಲು 12 ವಾರ ಇರುವಾಗಲೇ ನವೀಕರಣಕ್ಕೆ ಕೇಳಿ. ಹೋದ ವರ್ಷ ನಾನು ಉದಾಸೀನ ಮಾಡಿ, ಮೂರು ವಾರ ಟ್ಯಾಕ್ಸಿ ಬಾಡಿಗೆಯನ್ನು ಕೈಯಿಂದಲೇ ಕೊಟ್ಟೆ. ರಸೀದಿಗಳನ್ನು ಎಸೆಯಬೇಡಿ.

ಈ ಭಾನುವಾರ ಸಂಜೆ 6ಕ್ಕೆ ವಿಡಿಯೊ ಕರೆಯಲ್ಲಿ ಅರ್ಜಿಗಳನ್ನು ಒಟ್ಟಿಗೆ ನೋಡೋಣ. ಬರುವವರು ಶುಕ್ರವಾರದೊಳಗೆ ಇಲ್ಲೇ ತಿಳಿಸಿ; ಸನ್ನೆ ಭಾಷೆಯ ನೆರವು ಬೇಕಿದ್ದರೆ ನಾಳೆಯೇ ಹೇಳಿ. ವೈದ್ಯಕೀಯ ಪತ್ರಗಳನ್ನು ದಯವಿಟ್ಟು ಗುಂಪಿನಲ್ಲಿ ಹಾಕಬೇಡಿ.