ಮಕ್ಕಳ ಹಕ್ಕಿನ ಓದು ಡ್ಯೂಟಿ ಮಾಡುವವರ ಕೈಗೂ ಸಿಗಲಿ

ಮಾನ್ಯ ಸಂಪಾದಕರೇ,

ಮಕ್ಕಳ ಹಕ್ಕುಗಳ ಬಗ್ಗೆ ಸ್ನಾತಕೋತ್ತರ ಕೋರ್ಸ್‌ಗಳು ಶುರುವಾಗಿರುವುದನ್ನು ಹಂಗಿಸಿ ಓದುಗರೊಬ್ಬರು ಈಚೆಗೆ ನಿಮ್ಮ ಪತ್ರಿಕೆಗೆ ಬರೆದಿದ್ದರು. ದಿನವಿಡೀ ಮಕ್ಕಳ ಜೊತೆಯೇ ಕೆಲಸ ಮಾಡುವವರಿಗೆ ಇನ್ನೊಂದು ಡಿಗ್ರಿ ಯಾಕೆ, ಅನುಭವಕ್ಕಿಂತ ದೊಡ್ಡ ಮೇಷ್ಟ್ರು ಯಾರು ಅನ್ನುವುದು ಅವರ ವಾದ. ನಾನು ಮಕ್ಕಳ ವಾರ್ಡಿನಲ್ಲಿ ನರ್ಸ್. ಕೆಲಸ ಬಿಡದೆ ಅಂಥದ್ದೇ ಒಂದು ಕೋರ್ಸ್ ಮಾಡುತ್ತಿದ್ದೇನೆ, ಈಗ ಎರಡನೇ ವರ್ಷ. ಆ ಪತ್ರದ ಅರ್ಧ ಮಾತು ನನಗೂ ಒಪ್ಪಿಗೆ. ಉಳಿದ ಅರ್ಧಕ್ಕೆ ಈ ಉತ್ತರ.

ಅನುಭವದ ವಿಷಯವನ್ನೇ ಮೊದಲು ತೆಗೆದುಕೊಳ್ಳೋಣ. 1950ರ ದಶಕದಲ್ಲೂ ಇಂಗ್ಲೆಂಡಿನ ಎಷ್ಟೋ ಆಸ್ಪತ್ರೆಗಳಲ್ಲಿ ಮಗು ಅಡ್ಮಿಟ್ ಆಯಿತೆಂದರೆ ಅಪ್ಪ ಅಮ್ಮ ಹೊರಗೆ. ಗೊತ್ತುಮಾಡಿದ ದಿನ, ಗೊತ್ತುಮಾಡಿದ ಹೊತ್ತಿಗೆ ಬಂದು ನೋಡಿ ಹೋಗಬೇಕಿತ್ತು. ಈ ಪದ್ಧತಿಯನ್ನು ಸಮರ್ಥಿಸಿದವರು ಕಟುಕರೇನಲ್ಲ. ನುರಿತ ಡಾಕ್ಟರುಗಳು, ನುರಿತ ಸಿಸ್ಟರುಗಳು. ಅಮ್ಮ ಬಂದು ಹೋದರೆ ಮಗು ಕಿರುಚಿ ಅಳುತ್ತದೆ, ಬಾರದಿದ್ದರೆ ಕೆಲವೇ ದಿನಗಳಲ್ಲಿ ಸುಮ್ಮನಾಗುತ್ತದೆ. ಇದು ಅವರು ಕಣ್ಣಾರೆ ಕಂಡ ಸಂಗತಿ. ಹಾಗಾದರೆ ಅಮ್ಮ ಬಾರದಿರುವುದೇ ಮಗುವಿಗೆ ಒಳ್ಳೆಯದು ಅಂತ ತೀರ್ಮಾನಿಸಿದರು.

ಜೇಮ್ಸ್ ರಾಬರ್ಟ್‌ಸನ್ ಎಂಬ ಸಮಾಜ ಕಾರ್ಯಕರ್ತರು ವಾರ್ಡಿನಲ್ಲಿ ಕೂತು ಅದೇ ಮಕ್ಕಳನ್ನು ನೋಡಿದರು. ಅವರಿಗೆ ಕಂಡದ್ದೇ ಬೇರೆ. ಮಗು ಮೊದಲು ರಂಪ ಮಾಡುತ್ತದೆ. ಆಮೇಲೆ ಆಸೆ ಬಿಡುತ್ತದೆ. ಕೊನೆಗೆ ಅಮ್ಮ ಬಂದು ನಿಂತರೂ ಯಾರೋ ಅನ್ನುವ ಹಾಗೆ ಮುಖ ತಿರುಗಿಸುತ್ತದೆ. ಎಲ್ಲರೂ 'ಹೊಂದಿಕೊಂಡಿದೆ' ಅಂದುಕೊಂಡಿದ್ದು ಈ ಎರಡನೆಯ ಮತ್ತು ಮೂರನೆಯ ಹಂತವನ್ನು. 1952ರಲ್ಲಿ ಅವರು ಆಸ್ಪತ್ರೆ ಸೇರಿದ ಎರಡು ವರ್ಷದ ಹುಡುಗಿಯೊಬ್ಬಳನ್ನು ಚಿತ್ರೀಕರಿಸಿ ವೈದ್ಯರ ಮುಂದೆ ತೋರಿಸಿದಾಗ ಬಹಳ ಜನ ಸಿಟ್ಟಾದರು. 1959ರಲ್ಲಿ, ಆಸ್ಪತ್ರೆ ಸೇರಿದ ಮಕ್ಕಳ ಯೋಗಕ್ಷೇಮ ನೋಡಲು ಅಲ್ಲಿನ ಸರ್ಕಾರ ನೇಮಿಸಿದ್ದ ಪ್ಲ್ಯಾಟ್ ಸಮಿತಿಯ ವರದಿ ಬಂತು. ತಂದೆ ತಾಯಿ ಯಾವ ಹೊತ್ತಿಗಾದರೂ ಬರಲಿ, ಸಣ್ಣ ಮಕ್ಕಳ ಜೊತೆ ಅಮ್ಮ ಉಳಿದುಕೊಳ್ಳಲಿ ಅಂತ ಅದು ಹೇಳಿತು. ಹೇಳಿದ ಮೇಲೂ ಆಸ್ಪತ್ರೆಗಳು ಬದಲಾಗಲು ವರ್ಷಗಳೇ ಹಿಡಿದವು. ಅಡ್ಡ ನಿಂತದ್ದು ಅಜ್ಞಾನ ಅಲ್ಲ, ಅನುಭವ! ಇಪ್ಪತ್ತು ವರ್ಷದ ಸರ್ವೀಸು ಇದ್ದವರಿಗೆ 'ನೀವು ನೋಡಿದ್ದು ನಿಜ, ಅರ್ಥ ಮಾಡಿಕೊಂಡಿದ್ದು ತಪ್ಪು' ಅಂತ ಹೇಳುವುದು ಸುಲಭದ ಮಾತಲ್ಲ. ನನ್ನ ಮಟ್ಟಿಗೆ ಆ ಮಾತನ್ನು ಹೇಳಿದ್ದು ಈ ಕೋರ್ಸ್.

ಈಗ ನನ್ನ ದಿನನಿತ್ಯದ ಕೆಲಸಕ್ಕೆ ಬರುತ್ತೇನೆ. ಡ್ರಿಪ್ ಹಾಕಲು ಕ್ಯಾನುಲಾ, ಅಂದರೆ ನರದೊಳಗೆ ಕೂರಿಸುವ ಸಣ್ಣ ಕೊಳವೆ, ಚುಚ್ಚಬೇಕು. ಟ್ರೇ ಕಂಡ ಕೂಡಲೇ ಮಗು ಮುದುಡಿಕೊಳ್ಳುತ್ತದೆ. ಆಗ ಎಲ್ಲರ ಬಾಯಲ್ಲೂ ಬರುವ ಪ್ರಶ್ನೆ, "ಸೂಜಿ ಹಾಕಿಸ್ಕೋತೀಯಾ ಪುಟ್ಟಾ?" ಪುಟ್ಟ ಬೇಡ ಅನ್ನುತ್ತಾನೆ. ಇನ್ನೇನು ಅಂದಾನು? ಆಮೇಲೆ ಇಬ್ಬರು ಹಿಡಿದುಕೊಳ್ಳುತ್ತಾರೆ, ಒಬ್ಬರು ಚುಚ್ಚುತ್ತಾರೆ. ಇಲ್ಲಿ ಸೂಜಿಗಿಂತ ಆ ಪ್ರಶ್ನೆಯೇ ಕೆಟ್ಟದ್ದು ಅನ್ನುತ್ತೇನೆ ನಾನು. ಕೇಳಿದ ಹಾಗೆ ಮಾಡಿ, ಉತ್ತರ ಬಂದ ಮೇಲೆ ಅದು ಲೆಕ್ಕಕ್ಕಿಲ್ಲ ಅಂತ ತೋರಿಸಿಕೊಟ್ಟೆವು. ಮುಂದಿನ ಸಲ ಅದೇ ಮಗುವಿಗೆ "ಎಲ್ಲಿ ನೋವು, ಹೇಳು" ಅಂದರೆ ಅದು ಯಾಕೆ ಹೇಳಬೇಕು?

ಡ್ರಿಪ್ ಹಾಕಲೇಬೇಕು ಅಂದರೆ ಹಾಕಲೇಬೇಕು ಅಂತ ನೇರ ಹೇಳಬಹುದು. ಕೇಳುವುದಕ್ಕೆ ಬೇರೆ ಪ್ರಶ್ನೆಗಳು ಬೇಕಾದಷ್ಟಿವೆ. ಯಾವ ಕೈಗೆ? ಮಲಗುತ್ತೀಯಾ, ಅಮ್ಮನ ತೊಡೆ ಮೇಲೆ ಕೂರುತ್ತೀಯಾ? ನೋಡುತ್ತೀಯಾ, ಆ ಕಡೆ ತಿರುಗುತ್ತೀಯಾ? ಎಂಟು ವರ್ಷದ ಒಬ್ಬ ಹುಡುಗ ಎಡಗೈ ಚಾಚಿದ, ಬಲಗೈ ಚಿತ್ರ ಬಿಡಿಸೋಕೆ ಬೇಕಂತೆ. ಅಲ್ಲಿ ನರ ಸಿಗದಿದ್ದರೆ ಬಲಗೈ ನೋಡಬೇಕಾಗುತ್ತೆ ಅಂತ ಮೊದಲೇ ಹೇಳಿದೆ. ತಲೆ ಆಡಿಸಿದ. ಆಮೇಲೆ ಅವನೇ ಅಂದ, "ಒಂದು ಎರಡು ಮೂರು ಅಂತ ಎಣಿಸಬೇಡಿ ಸಿಸ್ಟರ್, ಎಣಿಸಿದ್ರೆ ಜಾಸ್ತಿ ಭಯ ಆಗುತ್ತೆ." ಮಕ್ಕಳಿಗೆ ಧೈರ್ಯ ಬರಲಿ ಅಂತಲೇ ನಾವು ಎಣಿಸುತ್ತೇವೆ ಅಲ್ವಾ? ಇವನಿಗೆ ಅದೇ ಹೆದರಿಕೆ. ಎಣಿಸದೆ ಹಾಕಿದೆ. ಅತ್ತ, ಆದರೆ ಕೈ ಎಳೆದುಕೊಳ್ಳಲಿಲ್ಲ.

ಇದನ್ನು ಮಾಡೋಕೆ ಡಿಗ್ರಿ ಬೇಕಾ, ಒಳ್ಳೆಯ ಮನಸ್ಸಿದ್ದರೆ ಸಾಕಲ್ಲ ಅಂತ ಕೇಳಬಹುದು. ಖಂಡಿತ ಸಾಕು. ಒಂದಕ್ಷರ ಓದದ ಆಯಾಗಳು ನನಗಿಂತ ಚೆನ್ನಾಗಿ ಮಾಡಿದ್ದನ್ನು ಕಂಡಿದ್ದೇನೆ. ಆದರೆ ಅವರ ಡ್ಯೂಟಿ ಮುಗಿದರೆ ಆ ಒಳ್ಳೆಯತನವೂ ಅವರ ಜೊತೆಯೇ ಮನೆಗೆ ಹೋಗುತ್ತದೆ. ರಾತ್ರಿ ಪಾಳಿಯಲ್ಲಿ ಬಂದವರು ಹೇಗೋ, ಏನೋ. ಮಗುವಿಗೆ ಒಳ್ಳೆಯ ಸಿಸ್ಟರ್ ಸಿಗುವುದು ಅದೃಷ್ಟ ಆಗಬಾರದು.

ವಿಶ್ವಸಂಸ್ಥೆ 1989ರ ನವೆಂಬರ್ 20ರಂದು ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯಲ್ಲಿ ಒಟ್ಟು 54 ವಿಧಿಗಳಿವೆ. 12ನೇ ವಿಧಿ, ತನಗೆ ಸಂಬಂಧಪಟ್ಟ ವಿಷಯದಲ್ಲಿ ಮಗು ತನ್ನ ಅಭಿಪ್ರಾಯ ಹೇಳಬಹುದು, ಅದರ ವಯಸ್ಸು ಮತ್ತು ತಿಳಿವಳಿಕೆಗೆ ತಕ್ಕಂತೆ ಅದಕ್ಕೆ ಬೆಲೆ ಕೊಡಬೇಕು ಅನ್ನುತ್ತದೆ. ಮಗು ಹೇಳಿದ್ದೇ ಕೊನೆಯ ಮಾತು ಅಂತ ಅಲ್ಲ. ಈ ಒಂದು ವಿಧಿಗೇ ಒಡಂಬಡಿಕೆಯ ಸಮಿತಿ 2009ರಲ್ಲಿ ಉದ್ದದ ವಿವರಣೆ ಕೊಟ್ಟಿದೆ. ಇಷ್ಟು ವಯಸ್ಸಾದ ಮೇಲೆ ಮಾತ್ರ ಕೇಳಬೇಕು ಅನ್ನುವ ಗಡಿ ಹಾಕಬೇಡಿ ಅಂತ ಅಲ್ಲಿದೆ. ಮಾತು ಬಾರದ ಮಗುವಿನ ಆಟ, ಮುಖಭಾವ, ಗೀಚಿದ ಚಿತ್ರ ಎಲ್ಲವೂ ಅಭಿಪ್ರಾಯವೇ ಅಂತಲೂ ಇದೆ. ಜೊತೆಗೆ, ಮಕ್ಕಳ ಮಾತು ಕೇಳಿಸಿಕೊಳ್ಳಲು ದೊಡ್ಡವರಿಗೆ ತರಬೇತಿ ಬೇಕು ಅಂತಲೂ ಬರೆದಿದ್ದಾರೆ.

ಇದನ್ನೆಲ್ಲ ಇಟ್ಟುಕೊಂಡು ನಾನು ಒಂದು ಅಸೈನ್‌ಮೆಂಟ್ ಬರೆದೆ. ಅದನ್ನೇ ಸಣ್ಣದು ಮಾಡಿ ನಮ್ಮ ಇನ್‌ಚಾರ್ಜ್ ಸಿಸ್ಟರ್ ಮುಂದಿಟ್ಟೆ. ಪ್ರೊಸೀಜರ್ ಶೀಟ್‌ನಲ್ಲಿ ಒಂದು ಸಾಲು ಸೇರಿಸಿ ಅಂತ ಕೇಳಿದೆ: ಏನು ಮಾಡುತ್ತೇವೆ ಅಂತ ಮಗುವಿಗೆ ಯಾರು ಹೇಳಿದರು, ಮಗು ಏನು ಹೇಳಿತು. ಅವರು ಹುಬ್ಬೇರಿಸಿದರು. ಬರೆಯೋ ಕೆಲಸ ಈಗಾಗಲೇ ಕುತ್ತಿಗೆ ಮಟ್ಟಕ್ಕಿದೆ, ಇನ್ನೊಂದಾ ಅಂದರು. ಕೊನೆಗೆ ಪ್ರಯೋಗಕ್ಕೆ ಅಂತ ಒಪ್ಪಿದರು. ಸುಮ್ನೆ ಕರುಣೆಯ ಮಾತಾಡಿದ್ದರೆ ಒಪ್ಪುತ್ತಿರಲಿಲ್ಲ. ವಿಧಿ, ವಿವರಣೆ, ಕಾರಣ ಎಲ್ಲ ಕಾಗದದ ಮೇಲಿತ್ತು.

ಕ್ಲಾಸಿನ ಬಗ್ಗೆಯೂ ಹೇಳಬೇಕು. ನಮ್ಮ ಬ್ಯಾಚಿನಲ್ಲಿ ಪೊಲೀಸ್ ಅಧಿಕಾರಿ ಇದ್ದಾರೆ, ವಕೀಲರಿದ್ದಾರೆ, ಹಾಸ್ಟೆಲ್ ವಾರ್ಡನ್ ಇದ್ದಾರೆ, ಪಿ.ಟಿ. ಮೇಷ್ಟ್ರಿದ್ದಾರೆ. ಒಂದು ಸಂಜೆ ಚರ್ಚೆಗೆ ಬಂದ ಪ್ರಶ್ನೆ: ಮಗು ನಿಮ್ಮ ಹತ್ತಿರ ತನಗಾದ ಅನ್ಯಾಯ ಹೇಳಿ, "ಯಾರಿಗೂ ಹೇಳಬೇಡಿ" ಅಂದರೆ ಏನು ಮಾಡುತ್ತೀರಿ? ವಕೀಲರು ಮಗುವಿನ ಗುಟ್ಟು ಕಾಯುವ ಮಾತಾಡಿದರು. ನಾನು ಮತ್ತು ವಾರ್ಡನ್, ಮಗುವಿಗೆ ಅಪಾಯ ಇದ್ದಾಗ ಮುಚ್ಚಿಡಲು ಆಗುವುದಿಲ್ಲ, ಹಾಗಂತ ಮಗುವಿಗೆ ಮೊದಲೇ ತಿಳಿಸಬೇಕು ಅಂದೆವು. ಪಿ.ಟಿ. ಮೇಷ್ಟ್ರು ಹೆಡ್‌ಮೇಷ್ಟ್ರ ಹತ್ತಿರ ಹೋಗುತ್ತೇನೆ ಅಂದರು. ಎಲ್ಲ ಕೇಳಿಸಿಕೊಂಡು ಪೊಲೀಸ್ ಅಧಿಕಾರಿ ಲೆಕ್ಕ ಹಾಕಿದರು. "ನಿಮ್ಮಲ್ಲಿ ಪ್ರತಿಯೊಬ್ಬರೂ ಒಂದೊಂದು ಸಲ ಕೇಳುತ್ತೀರಿ. ಆಮೇಲೆ ಡಾಕ್ಟರು. ಆಮೇಲೆ ನಾನು. ಆಮೇಲೆ ಕೋರ್ಟು. ಆ ಮಗು ಅದೇ ಕಥೆ ಎಷ್ಟು ಸಲ ಹೇಳಬೇಕು?" ಯಾರ ಬಳಿಯೂ ತಕ್ಷಣಕ್ಕೆ ಉತ್ತರ ಇರಲಿಲ್ಲ. ನಾವೆಲ್ಲ ಅವರವರ ಕೆಲಸವನ್ನು ಶ್ರದ್ಧೆಯಿಂದಲೇ ಮಾಡುವವರು. ಆ ಶ್ರದ್ಧೆಗಳೆಲ್ಲ ಸೇರಿ ಒಂದು ಮಗುವನ್ನು ಸುಸ್ತು ಮಾಡಬಹುದು ಅಂತ ಗೊತ್ತಾಗಲು ಇಷ್ಟೂ ಜನ ಒಂದೇ ಕಡೆ ಕೂರಬೇಕಾಯಿತು. ಕಾಲೇಜು ಮುಗಿಸಿ ನೇರ ಬಂದ ಹುಡುಗರು ಪುಸ್ತಕ ನಮಗಿಂತ ಚೆನ್ನಾಗಿ ಓದುತ್ತಾರೆ, ನಿಜ. ಈ ಜಗಳ ಅವರಿಂದ ಆಗುವುದಿಲ್ಲ.

ಅಷ್ಟಕ್ಕೂ ಈ ವಿಷಯ ಹುಟ್ಟಿದ್ದೇ ಕೆಲಸ ಮಾಡುವವರ ಕೈಯಲ್ಲಿ. ಎಗ್ಲಾಂಟೈನ್ ಜೆಬ್ ಮೊದಲ ಮಹಾಯುದ್ಧದ ನಂತರ ಹಸಿದ ಮಕ್ಕಳಿಗೆ ಊಟ ಮುಟ್ಟಿಸಲು ಓಡಾಡುತ್ತಿದ್ದವರು. ಮಕ್ಕಳ ಹಕ್ಕಿನ ಬಗ್ಗೆ ಅವರು ಬರೆದ ಐದು ಅಂಶಗಳ ಘೋಷಣೆಯನ್ನೇ 1924ರಲ್ಲಿ, ವಿಶ್ವಸಂಸ್ಥೆಗೂ ಮೊದಲಿದ್ದ ಲೀಗ್ ಆಫ್ ನೇಷನ್ಸ್ ಒಪ್ಪಿಕೊಂಡಿತು. ಯಾನುಷ್ ಕೊರ್ಚಾಕ್ ಮಕ್ಕಳ ಡಾಕ್ಟರು, ವಾರ್ಸಾದಲ್ಲಿ ಅನಾಥಾಲಯ ನಡೆಸಿದವರು. ಅಲ್ಲಿ ಮಕ್ಕಳದೇ ಒಂದು ನ್ಯಾಯಾಲಯ ಇತ್ತು, ಸ್ವತಃ ಕೊರ್ಚಾಕ್ ಮೇಲೂ ಮಕ್ಕಳು ದೂರು ಕೊಡಬಹುದಿತ್ತು. (ನಮ್ಮ ಆಸ್ಪತ್ರೆಯಲ್ಲಿ ಅಂಥದ್ದೊಂದು ಇದ್ದಿದ್ದರೆ ನನ್ನ ಹೆಸರು ಎಷ್ಟು ಸಲ ಕೂಗುತ್ತಿದ್ದರೋ!) ಅವರದೇ ದೇಶ ಪೋಲೆಂಡ್ 1978ರಲ್ಲಿ ಮಕ್ಕಳ ಹಕ್ಕುಗಳ ಒಡಂಬಡಿಕೆ ಬೇಕೆಂದು ವಿಶ್ವಸಂಸ್ಥೆಯ ಮುಂದೆ ಪ್ರಸ್ತಾವ ಇಟ್ಟಿತು.

ಕೋರ್ಸ್ ನನಗೆ ಕೊಟ್ಟ ದೊಡ್ಡ ಪೆಟ್ಟು ಪ್ರಬಂಧದ ಹೊತ್ತಿಗೆ ಬಂತು. ನಮ್ಮ ವಾರ್ಡಿನ ಮಕ್ಕಳನ್ನೇ ಮಾತಾಡಿಸಿ ಬರೆಯೋಣ, ಮಕ್ಕಳು ಪರಿಚಯ, ಅಪ್ಪ ಅಮ್ಮನೂ ಒಪ್ಪುತ್ತಾರೆ ಅಂತಿದ್ದೆ. ಗೈಡ್ ಒಂದೇ ಪ್ರಶ್ನೆ ಕೇಳಿದರು: ನಿಮ್ಮ ಕೈಯಲ್ಲಿ ಸೂಜಿ ಹಾಕಿಸಿಕೊಳ್ಳುವ ಮಗು ನಿಮಗೆ ಬೇಡ ಅನ್ನುವುದು ಹೇಗೆ? ಅಪ್ಪ ಅಮ್ಮನ ಸಹಿ ಇದ್ದರೆ ಸಾಲದು, ಮಗು ತಾನೂ ಒಪ್ಪಬೇಕು. ಒಪ್ಪದಿರಲು ಅದಕ್ಕೆ ನಿಜವಾಗಿಯೂ ದಾರಿ ಇರಬೇಕು. ಮಧ್ಯದಲ್ಲಿ ಸಾಕು ಅನ್ನಿಸಿದರೆ ಎದ್ದು ಹೋಗುವಂತಿರಬೇಕು. ಹಾಗಾಗಿ ನಾನೀಗ ಮಕ್ಕಳನ್ನು ಬಿಟ್ಟು ನಮ್ಮವರನ್ನೇ, ಅಂದರೆ ನರ್ಸ್‌ಗಳನ್ನು ಮಾತಾಡಿಸುತ್ತಿದ್ದೇನೆ: ಮಗುವನ್ನು ಹಿಡಿದುಕೊಳ್ಳಬೇಕು ಅಂತ ಯಾವಾಗ ತೀರ್ಮಾನಿಸುತ್ತೀರಿ, ಯಾರು ತೀರ್ಮಾನಿಸುತ್ತಾರೆ. ನರ್ಸ್‌ಗಳು ನನಗೆ ಆರಾಮಾಗಿ 'ಹೋಗೇ, ಟೈಮಿಲ್ಲ' ಅನ್ನುತ್ತಾರೆ. ಅನ್ನುತ್ತಲೂ ಇದ್ದಾರೆ.

ಇನ್ನು ಆ ಓದುಗರ ಯಾವ ಮಾತು ಒಪ್ಪುತ್ತೇನೆ ಅಂದರೆ, ಈ ಹೆಸರಿನಲ್ಲಿ ನಡೆಯುವ ಕೋರ್ಸ್‌ಗಳೆಲ್ಲ ಓದಿಗೆ ಯೋಗ್ಯ ಅಲ್ಲ. ಕೆಲವು ಬರೀ ಸ್ಲೈಡು, ಕೊನೆಗೆ ಟಿಕ್ ಹಾಕುವ ಪರೀಕ್ಷೆ, ಗೋಡೆಗೆ ಸರ್ಟಿಫಿಕೇಟು. ಇನ್ನು ಕೆಲವು ಚೆನ್ನಾಗಿವೆ, ಆದರೆ ಹಗಲು ಬಿಡುವಿರುವವರಿಗಾಗಿ ಮಾಡಿದ್ದು. ಕೆಲಸದವರಿಗೂ ಸಿಗುತ್ತದೆ ಅಂತ ಜಾಹೀರಾತು, ಕ್ಲಾಸು ಮಾತ್ರ ಬೆಳಿಗ್ಗೆ ಹತ್ತಕ್ಕೆ. ಕಾನೂನು ಪದವಿ ಇದ್ದವರಿಗೇ ಪ್ರವೇಶ ಅನ್ನುವವರೂ ಇದ್ದಾರೆ. ಕಾನೂನು ಓದಿದವರು ಮಗುವನ್ನು ಕಾಣುವುದು ಕೋರ್ಟಿನಲ್ಲಿ. ಅದಕ್ಕೂ ಎಷ್ಟೋ ಮೊದಲೇ ಅದು ನರ್ಸ್, ಮೇಷ್ಟ್ರು, ವಾರ್ಡನ್ ಕಣ್ಣಿಗೆ ಬಿದ್ದಿರುತ್ತದೆ.

ಜಿನೀವಾ, ಲೈಡನ್, ಬೆಲ್‌ಫಾಸ್ಟ್‌ನಂಥ ವಿಶ್ವವಿದ್ಯಾಲಯಗಳು ಮಕ್ಕಳ ಹಕ್ಕಿಗೇ ಅಂತ ಸ್ನಾತಕೋತ್ತರ ಓದು ರೂಪಿಸಿವೆ. ಅಂದಮೇಲೆ ಈ ವಿಷಯಕ್ಕೆ ಅಷ್ಟು ಆಳ ಇದೆಯಾ ಅನ್ನುವ ಅನುಮಾನ ಬೇಡ. ಬೇಕಿರುವುದು ಡ್ಯೂಟಿ ಮಾಡುವವರಿಗೆ ಹೊಂದುವ ರೂಪ. ಒಂದೊಂದೇ ಪೇಪರ್ ಮುಗಿಸಿಕೊಂಡು ಹೋಗುವ ಅವಕಾಶ ಇರಲಿ. ವರ್ಷದ ವೇಳಾಪಟ್ಟಿಯನ್ನು ಅರ್ಜಿ ಕರೆಯುವ ಮೊದಲೇ ಹೊರಡಿಸಲಿ, ಡ್ಯೂಟಿ ಚಾರ್ಟ್ ಹಾಕುವವರಿಗೆ ತೋರಿಸಬೇಕಲ್ಲ. ಎದುರುಬದುರು ಕೂತು ಜಗಳ ಆಡುವ ದಿನಗಳನ್ನು ಮಾತ್ರ ಕೈಬಿಡಬೇಡಿ, ರೆಕಾರ್ಡ್ ಮಾಡಿದ ಪಾಠದಲ್ಲಿ ಪೊಲೀಸರ ಆ ಪ್ರಶ್ನೆ ಬರುವುದಿಲ್ಲ.

ಕೆಲಸ ಕೊಟ್ಟವರಿಗೂ ಒಂದು ಮಾತು. ನಾನು ಓದುತ್ತಿರುವುದು ಸಹೋದ್ಯೋಗಿಗಳ ಉಪಕಾರದಿಂದ. ನನ್ನ ಕ್ಲಾಸಿದ್ದಾಗ ಅವರು ನೈಟ್ ಮಾಡುತ್ತಾರೆ. ಇದು ಅವರಿಗೆ ಅನ್ಯಾಯ. ಒಡಂಬಡಿಕೆಯ 42ನೇ ವಿಧಿ, ಇದರಲ್ಲಿರುವುದನ್ನು ದೊಡ್ಡವರಿಗೂ ಮಕ್ಕಳಿಗೂ ತಿಳಿಸುವ ಹೊಣೆಯನ್ನು ಸರ್ಕಾರಗಳ ಮೇಲೆಯೇ ಹೊರಿಸಿದೆ. ಅಂದರೆ ಓದಲು ರಜೆ ಕೇಳುವುದು ಭಿಕ್ಷೆ ಏನಲ್ಲ.

ಇನ್ನೊಂದು ಮಾತು ಸಂಪಾದಕರೇ, ಇದು ನಿಮಗೇ. ನಮ್ಮ ಬ್ಯಾಚಿನಲ್ಲಿ ಪತ್ರಕರ್ತರು ಒಬ್ಬರೂ ಇಲ್ಲ. ಮಗುವಿನ ಖಾಸಗಿತನದ 16ನೇ ವಿಧಿ ಓದುವಾಗ ಅವರ ಕೊರತೆ ಎದ್ದು ಕಂಡಿತು. ಮುಖ ಮಸುಕು ಮಾಡಿ, ಪಕ್ಕದಲ್ಲೇ ಶಾಲೆಯ ಹೆಸರು, ತರಗತಿ, ತಂದೆಯ ಕೆಲಸ ಎಲ್ಲ ಅಚ್ಚು ಹಾಕಿದ ಸುದ್ದಿಗಳನ್ನು ಅಂದು ಮುಂದಿಟ್ಟುಕೊಂಡು ಕೂತಿದ್ದೆವು. ರಾತ್ರಿ ಹತ್ತಕ್ಕೆ ಪುಟ ಕಟ್ಟುವ ಅವಸರದಲ್ಲಿ ಇದು ಹೇಗೆ ಆಗುತ್ತದೆ ಅಂತ ಒಳಗಿನವರೇ ಹೇಳಬೇಕು. ಮುಂದಿನ ಬ್ಯಾಚಿಗೆ ನಿಮ್ಮ ಡೆಸ್ಕಿನಿಂದ ಒಬ್ಬರನ್ನು ಕಳಿಸಿಕೊಡಿ. ಅವರ ಡ್ಯೂಟಿ ನೀವೇ ಹೊಂದಿಸಿಕೊಟ್ಟು.

ಇಂತಿ,
ಮಕ್ಕಳ ವಾರ್ಡಿನ ಒಬ್ಬ ನರ್ಸ್